ಬೇಸಗೆ ಮುಗಿಯಿತೆಂದು ಹೇಳುವವರು ಯಾರು?

ಮಾವಿನ ಗಾಡಿಯ ಮುಂದೆ ನಿಂತ ಗಿರಾಕಿ ಹಣ್ಣನ್ನು ಮೂಗಿಗೆ ಹಿಡಿಯುವುದನ್ನು ಬಿಟ್ಟು, ಸಿಪ್ಪೆಯ ಮೇಲೆ ಸೂಜಿಮೊನೆಯಷ್ಟು ಕಪ್ಪು ಚುಕ್ಕೆ ಇದೆಯೇ ಎಂದು ತಿರುಗಿಸಿ ತಿರುಗಿಸಿ ನೋಡತೊಡಗಿದರೆ ಮೈಸೂರಿನಲ್ಲಿ ಬೇಸಗೆ ಮುಗಿಯಿತು ಎಂದೇ ಲೆಕ್ಕ. ಒಂಟಿಕೊಪ್ಪಲಿನ ಬೀದಿಗಳಲ್ಲಿ ಈ ದೃಶ್ಯ ಪ್ರತಿವರ್ಷ ಜೂನ್ ಮೊದಲ ಎರಡು ವಾರಗಳಲ್ಲಿ ಕಾಣಸಿಗುತ್ತದೆ. ‘ಇನ್ನು ರಸಪುರಿ ಸಾಕು ಬಿಡಮ್ಮ, ಮಳೆ ಬಿತ್ತಲ್ಲ, ಹುಳ ಇರುತ್ತೆ’ ಎಂದು ಅತ್ತೆ ಹೇಳಿದರೆ ಸೊಸೆ ಮರುಮಾತಾಡದೆ ಚೀಲ ಮಡಿಸುತ್ತಾಳೆ. ಗಾಡಿಯವನೂ ವಾದಕ್ಕೆ ನಿಲ್ಲುವುದಿಲ್ಲ. ಅವನ ಗಾಡಿಯಲ್ಲಿ ಆಗಲೇ ಒಂದು ಮೂಲೆಗೆ ನೇರಳೆ ಹಣ್ಣು ಬಂದು ಕೂತಿರುತ್ತದೆ.

ಅತ್ತೆಯ ಮಾತು ಬರಿಯ ನಂಬಿಕೆಯಲ್ಲ. ಹಣ್ಣಿನ ನೊಣ ಮಾವಿನ ಸಿಪ್ಪೆಯನ್ನು ಚುಚ್ಚಿ ಒಳಗೆ ಮೊಟ್ಟೆಯಿಡುತ್ತದೆ. ಮೊಟ್ಟೆಯೊಡೆದ ಮರಿಹುಳು ತಿರುಳು ತಿಂದು ಬೆಳೆದು, ಹಣ್ಣು ನೆಲಕ್ಕೆ ಬಿದ್ದಾಗ ಮಣ್ಣೊಳಗೆ ಸೇರಿ ಕೋಶಾವಸ್ಥೆಗೆ ಹೋಗುತ್ತದೆ. ಒಣಗಿ ಗಟ್ಟಿಯಾದ ನೆಲ ಮಳೆಗೆ ನೆನೆದು ಸಡಿಲವಾದಾಗ ಹೊಸ ನೊಣಗಳು ಹೊರಬರುತ್ತವೆ. ಆ ಹೊತ್ತಿಗೆ ಮರದಲ್ಲಿ ಉಳಿದ ಹಣ್ಣು ಅವುಗಳ ಪಾಲಾಗುತ್ತದೆ. ಹೀಗೆ ಒಂದು ನೊಣದ ಜೀವನಕ್ರಮ ಮನೆಮನೆಯ ಅಡುಗೆಮನೆಯಲ್ಲಿ ಒಂದು ಋತುವಿನ ಗಡಿಯನ್ನು ಎಳೆದುಬಿಟ್ಟಿದೆ.

ಬೇರೆ ಗುರುತುಗಳೂ ಇವೆ. ತಾರಸಿಯ ಮೇಲೆ ಹಳೆಯ ಸೀರೆ ಹಾಸಿ ಇಟ್ಟ ಸಂಡಿಗೆ ಹಪ್ಪಳಗಳು ಡಬ್ಬ ಸೇರುತ್ತವೆ. ಸೇರದೆ ಉಳಿದದ್ದು ಬೂಷ್ಟು ಹಿಡಿಯುತ್ತದೆ. ಮಲ್ಲಿಗೆ ಮೊಗ್ಗಿನ ರಾಶಿ ಇಳಿದು ಬೆಲೆ ಏರುತ್ತದೆ. ಗುಲ್‌ಮೊಹರ್ ಮರಗಳ ಕೆಂಪು ಹೂವು ರಸ್ತೆಗೆ ಬಿದ್ದು ಚಕ್ರಗಳಿಗೆ ಸಿಕ್ಕಿ ಕೆಸರಾಗುತ್ತದೆ. ಸಂಜೆ ದೀಪ ಹಾಕಿದೊಡನೆ ಈಸಲು ಹುಳುಗಳು ಕಿಟಕಿಗೆ ಮುತ್ತಿ, ಬೆಳಗಾಗುವಷ್ಟರಲ್ಲಿ ಬರಿಯ ರೆಕ್ಕೆಗಳನ್ನು ಬಿಟ್ಟು ಹೋಗಿರುತ್ತವೆ. ಶಾಲೆಗಳು ತೆರೆದು, ಹೊಸ ಪುಸ್ತಕಗಳಿಗೆ ಕಂದು ಕಾಗದದ ರಟ್ಟು ಹಾಕುವ ಕೆಲಸ ಶುರುವಾಗಿರುತ್ತದೆ.

ಇದನ್ನೆಲ್ಲ ವಿವರಿಸಲು ಕಾರಣವಿದೆ. ‘ಬೇಸಗೆ ಮುಗಿಯುವುದು’ ಎಂಬ ಮಾತಿನ ಅರ್ಥ ಲೋಕದಲ್ಲೆಲ್ಲ ಒಂದೇ ಅಲ್ಲ. ಸ್ವೀಡನ್, ಫಿನ್ಲೆಂಡ್‌ಗಳಂಥ ಬಡಗಣ ಚಳಿದೇಶಗಳಲ್ಲಿ ಬೇಸಗೆ ಮುಗಿಯುವುದು ಆಗಸ್ಟ್ ತಿಂಗಳ ಕೊನೆಗೆ. ನಮ್ಮ ಗೌರಿ ಗಣೇಶ ಹಬ್ಬದ ಆಸುಪಾಸಿಗೆ. ಅಲ್ಲಿ ಜನ ಆಕಾಶದಲ್ಲಿ ಮೋಡವನ್ನು ಹುಡುಕುವುದಿಲ್ಲ, ಬೆಳಕನ್ನು ಅಳೆಯುತ್ತಾರೆ. ರಾತ್ರಿ ಊಟ ಮುಗಿಸಿ ಹೊರಗೆ ಬಂದರೂ ಬೆಳಕಿರುತ್ತಿದ್ದ ದಿನಗಳು ಹೋಗಿ, ಒಂದು ಸಂಜೆ ಇದ್ದಕ್ಕಿದ್ದಂತೆ ಮನೆಯೊಳಗೆ ದೀಪ ಹಚ್ಚಬೇಕಾಗುತ್ತದೆ. ರೋವನ್ ಎಂಬ ಮರದ ಗೊಂಚಲು ಕಾಯಿಗಳು ಕೆಂಪಾಗುತ್ತವೆ. ಬರ್ಚ್ ಮರದ ಹಸುರೆಲೆಗಳ ನಡುವೆ ಒಂದೆರಡು ಹಳದಿ ಎಲೆ ಇಣುಕುತ್ತವೆ. ಸ್ವಾಲೋ ಹಕ್ಕಿಗಳು ತಂತಿಯ ಮೇಲೆ ಸಾಲುಗಟ್ಟಿ ಕುಳಿತು ಒಂದು ದಿನ ಕಾಣೆಯಾಗುತ್ತವೆ. ಫಿನ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ ಆಗಸ್ಟ್ ಕೊನೆಯ ಶನಿವಾರ ನೀರಿನ ದಂಡೆಯಲ್ಲಿ ದೀಪ, ಬೆಂಕಿ ಹಚ್ಚಿ ಬೇಸಗೆಯನ್ನು ಬೀಳ್ಕೊಡುವ ಪದ್ಧತಿಯೇ ಇದೆ. ನಮ್ಮಲ್ಲಿ ಬೇಸಗೆ ಹೋಗಲೆಂದು ಕಾಯುತ್ತೇವೆ. ಅಲ್ಲಿ ಹೋಗುತ್ತಿದೆಯಲ್ಲ ಎಂದು ಮರುಗುತ್ತಾರೆ.

ಈ ವ್ಯತ್ಯಾಸದ ಮೂಲ ಅಕ್ಷಾಂಶದಲ್ಲಿದೆ. ಮೈಸೂರು ಸಮಭಾಜಕ ವೃತ್ತದಿಂದ ಉತ್ತರಕ್ಕೆ 12 ಡಿಗ್ರಿ ಚಿಲ್ಲರೆ ದೂರದಲ್ಲಿದೆ. ಇಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಸಣ್ಣ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ ಮಾತ್ರ. 59 ಡಿಗ್ರಿಯಲ್ಲಿರುವ ಸ್ಟಾಕ್‌ಹೋಮ್‌ನಲ್ಲಿ ಅದು ಹನ್ನೆರಡು ಗಂಟೆಗೂ ಮಿಕ್ಕಿದ್ದು. ಆಗಸ್ಟ್ ಕೊನೆಯಲ್ಲಿ ಅಲ್ಲಿ ಹಗಲು ದಿನಕ್ಕೆ ಐದು ನಿಮಿಷಕ್ಕೂ ಹೆಚ್ಚು ಕುಗ್ಗುತ್ತದೆ. ಎಂದರೆ ವಾರಕ್ಕೆ ಅರ್ಧ ಗಂಟೆಗೂ ಮೀರಿ. ಅದೇ ದಿನಗಳಲ್ಲಿ ಮೈಸೂರಿನ ಹಗಲು ಕುಗ್ಗುವುದು ದಿನಕ್ಕೆ ಅರ್ಧ ನಿಮಿಷ ಚಿಲ್ಲರೆ. ಯಾರ ಕಣ್ಣಿಗೂ ಬೀಳದ ಲೆಕ್ಕ ಅದು. ಆದ್ದರಿಂದಲೇ ಅಲ್ಲಿನ ಮರಗಳು ರಾತ್ರಿಯ ಉದ್ದವನ್ನು ಎಣಿಸಿ ಎಲೆಯ ಹಸುರನ್ನು ಹಿಂತೆಗೆದುಕೊಳ್ಳುತ್ತವೆ. ಹಸುರು ಕರಗಿದಾಗ ಅಡಿಯಲ್ಲಿದ್ದ ಹಳದಿ ಮೇಲೆ ಕಾಣುತ್ತದೆ. ನಮ್ಮ ಬಂಡೀಪುರದ ಕಾಡಿನ ಮರಗಳು ಎಲೆ ಉದುರಿಸುವುದು ಚಳಿಗೆ ಹೆದರಿಯಲ್ಲ, ನೀರಿನ ಅಭಾವಕ್ಕೆ. ಅದೂ ಬೇಸಗೆಯ ಆರಂಭದಲ್ಲಿ.

ಹಾಗಾದರೆ ಇಲ್ಲಿ ಬೇಸಗೆಯನ್ನು ಮುಗಿಸುವುದು ಸೂರ್ಯನಲ್ಲವೆ? ಅಲ್ಲ ಎಂಬುದೇ ಸೋಜಿಗದ ಸಂಗತಿ. ಸೂರ್ಯ ಮೈಸೂರಿನ ನೆತ್ತಿಯ ಮೇಲೆ ವರ್ಷಕ್ಕೆ ಎರಡು ಸಲ ಬರುತ್ತಾನೆ. ಏಪ್ರಿಲ್ ನಾಲ್ಕನೆಯ ವಾರದಲ್ಲಿ ಒಮ್ಮೆ, ಆಗಸ್ಟ್ ಮೂರನೆಯ ವಾರದಲ್ಲಿ ಇನ್ನೊಮ್ಮೆ. ಆ ಎರಡು ದಿನ ನಡುಹಗಲಿನಲ್ಲಿ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಮೊದಲ ಸಲ ಬಂದಾಗ ಊರು ಬೆಂದುಹೋಗುತ್ತದೆ. ಎರಡನೆಯ ಸಲ ಬಂದಾಗ ಜನ ಸ್ವೆಟರ್ ಹಾಕಿಕೊಂಡು ವಾಕಿಂಗ್ ಹೊರಟಿರುತ್ತಾರೆ. ಸೂರ್ಯ ಅವನೇ, ಕೋನವೂ ಅದೇ. ನಡುವೆ ಮೋಡದ ಚಪ್ಪರ ಬಂದು ನಿಂತಿರುತ್ತದೆ, ಅಷ್ಟೆ.

ಪುಸ್ತಕದ ಆರು ಋತುಗಳ ಲೆಕ್ಕವೂ ಇಲ್ಲಿ ಎಡವುತ್ತದೆ. ಶಾಲೆಯಲ್ಲಿ ಬಾಯಿಪಾಠ ಮಾಡಿಸುವಂತೆ ಜ್ಯೇಷ್ಠ ಆಷಾಢಗಳು ಗ್ರೀಷ್ಮ ಋತು. ಆಷಾಢದ ಶುಕ್ರವಾರ ಬೆಳಗಿನ ಜಾವ ಚಾಮುಂಡಿಬೆಟ್ಟದ ಮೆಟ್ಟಿಲು ಹತ್ತುವವರನ್ನು ಕೇಳಿ ನೋಡಬೇಕು, ಅದು ಗ್ರೀಷ್ಮವೇ ಎಂದು. ಗಾಳಿಗೆ ಹೊದ್ದ ಶಾಲೇ ಹಾರಿಹೋಗುವ ಕಾಲ ಅದು. ಮುಂಗಾರು ಜೂನ್ ಕೊನೆಗೋ ಜುಲೈಗೋ ತಲಪುವ ಉತ್ತರದ ಬಯಲಿಗೆ ಒಗ್ಗುವ ಲೆಕ್ಕವನ್ನು ನಾವು ಹಾಗೆಯೇ ಉರು ಹೊಡೆದಿದ್ದೇವೆ. ಜನರ ಬಾಯಲ್ಲಿರುವುದು ಬೇಸಗೆ, ಮಳೆಗಾಲ, ಚಳಿಗಾಲ ಎಂಬ ಮೂರೇ. ಆ ಮೂರು ನಮ್ಮ ಸೀಮೆಗೆ ಸಾಕು.

ಗುಡುಗು ನಿಂತ ದಿನ

ಮೊದಲ ಮಳೆ ಬಿದ್ದೊಡನೆ ಬೇಸಗೆ ಹೋಯಿತೆಂದು ಹಿಗ್ಗುವವರು ಮೋಸಹೋಗುತ್ತಾರೆ. ಆ ಮಳೆಯ ಮಣ್ಣಿನ ವಾಸನೆಗೆ ಮನಸೋಲದವರಿಲ್ಲ. 1964ರಲ್ಲಿ ಇಸಾಬೆಲ್ ಜಾಯ್ ಬೇರ್, ರಿಚರ್ಡ್ ಥಾಮಸ್ ಎಂಬ ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು ಅದಕ್ಕೆ ‘ಪೆಟ್ರಿಕೋರ್’ ಎಂದು ಹೆಸರಿಟ್ಟರು. ಒಣಗಾಲದಲ್ಲಿ ಗಿಡಗಳಿಂದ ಹೊಮ್ಮಿ ಮಣ್ಣು ಕಲ್ಲುಗಳು ಹೀರಿಕೊಂಡ ತೈಲಾಂಶ, ಮಣ್ಣಿನ ಸೂಕ್ಷ್ಮಜೀವಿಗಳು ತಯಾರಿಸುವ ಜಿಯೋಸ್ಮಿನ್ ಎಂಬ ವಸ್ತು, ಇವೆರಡೂ ಮಳೆಹನಿಯ ಪೆಟ್ಟಿಗೆ ಗಾಳಿಗೇರುವುದರಿಂದ ಆ ಪರಿಮಳ. ಉತ್ತರಪ್ರದೇಶದ ಕನೌಜಿನಲ್ಲಿ ಅದನ್ನೇ ಬಟ್ಟಿಯಿಳಿಸಿ ಅತ್ತರು ಮಾಡಿ ಮಾರುತ್ತ ಬಂದಿದ್ದಾರೆ. ಆದರೆ ಈ ವಾಸನೆ ಬೇಸಗೆಯ ನಡುವಿನದು, ಕೊನೆಯದಲ್ಲ. ಮಾರ್ಚ್–ಏಪ್ರಿಲ್‌ನಲ್ಲಿ ಕೊಡಗಿನ ಕಾಫಿ ತೋಟದವರು ಕಾಯುವ ಹೂಮಳೆಯಾಗಲಿ, ಮೈಸೂರಿನಲ್ಲಿ ಸಂಜೆ ಹೊತ್ತು ಆಲಿಕಲ್ಲಿನೊಡನೆ ಅಪ್ಪಳಿಸಿ ಮರದ ಕೊಂಬೆ ಮುರಿದು ವಿದ್ಯುತ್ ತಂತಿ ಹರಿಯುವ ಮಳೆಯಾಗಲಿ, ಬಿಸಿಲು ಹುಟ್ಟಿಸಿದ ಮಳೆ. ಕಾದ ನೆಲದಿಂದ ಬಿಸಿಗಾಳಿ ನೇರವಾಗಿ ಮೇಲೇರಿ ಎತ್ತರದ ಮೋಡವಾಗಿ ಒಡೆಯುತ್ತದೆ. ಗುಡುಗು, ಸಿಡಿಲು, ದಪ್ಪ ಹನಿ. ಒಂದು ಗಂಟೆಯಲ್ಲಿ ಮುಗಿದು ಮರುದಿನ ಮೊದಲಿಗಿಂತ ಹೆಚ್ಚು ಸೆಕೆ.

ಮುಂಗಾರು ಬರುವುದು ಸದ್ದಿಲ್ಲದೆ. ಗಾಳಿ ಪಡುವಣಕ್ಕೆ ತಿರುಗಿ, ಬಿಡದೆ ಬೀಸುತ್ತದೆ. ಮೋಡ ತಗ್ಗಿ ಓಡುತ್ತದೆ. ಹೊತ್ತುಗೊತ್ತಿಲ್ಲದೆ ತುಂತುರು ಹನಿಯುತ್ತದೆ. ಗುಡುಗು ನಿಂತದ್ದನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ. ಆದರೂ ಮೈಸೂರಿನಲ್ಲಿ ಬೇಸಗೆ ಮುಗಿದದ್ದಕ್ಕೆ ಅದಕ್ಕಿಂತ ಒಳ್ಳೆಯ ಗುರುತಿಲ್ಲ.

ಇನ್ನೊಂದು ವೈಚಿತ್ರ್ಯ: ಮೈಸೂರಿನಲ್ಲಿ ಮೇ ತಿಂಗಳ ಸರಾಸರಿ ಮಳೆ ಜೂನ್ ತಿಂಗಳದ್ದಕ್ಕಿಂತ ಹೆಚ್ಚು. ಪಶ್ಚಿಮಘಟ್ಟದ ಆಚೆ ಬದಿಯಲ್ಲಿ ನೀರೆಲ್ಲ ಸುರಿದುಕೊಂಡ ಗಾಳಿ ಈಚೆಗೆ ಬರುವಾಗ ಬಹುಪಾಲು ಬರಿಗೈ. ವರ್ಷಕ್ಕೆ 800 ಮಿಲಿಮೀಟರ್ ಆಸುಪಾಸು ಮಳೆ ಕಾಣುವ ಈ ಊರಿಗೆ ‘ಮಳೆಗಾಲ’ ತರುವುದು ಹೆಚ್ಚಾಗಿ ನೆರಳು ಮತ್ತು ತಂಪು. ಕುಡಿಯುವ ನೀರು ಬರಬೇಕಾದರೆ ಭಾಗಮಂಡಲದಲ್ಲಿ ಸುರಿಯಬೇಕು. ಆದಕಾರಣ ಮೈಸೂರಿನವರು ಆಕಾಶ ನೋಡುವುದಕ್ಕಿಂತ ಹೆಚ್ಚು ಪತ್ರಿಕೆಯ ಒಂದು ಮೂಲೆಯನ್ನು ನೋಡುತ್ತಾರೆ. ಕೃಷ್ಣರಾಜಸಾಗರದ ಇಂದಿನ ಮಟ್ಟ, ಒಳಹರಿವು, ಹೊರಹರಿವು. ಗರಿಷ್ಠ ಮಟ್ಟ 124.80 ಅಡಿ ಎಂಬುದು ಈ ಜಿಲ್ಲೆಯ ಮಕ್ಕಳಿಗೂ ಗೊತ್ತು. ಒಳಹರಿವಿನ ಅಂಕಿ ನೂರರಿಂದ ಸಾವಿರಕ್ಕೆ ನೆಗೆದ ದಿನ ಕೊಡಗಿನಲ್ಲಿ ಬೇಸಗೆ ಮುಗಿದಿದೆ ಎಂದರ್ಥ.

ಒಂಟಿಕೊಪ್ಪಲಿನ ಲೆಕ್ಕ

ಕೊಪ್ಪಲು ಎಂದರೆ ಸಣ್ಣ ಊರು. ಒಂದು ಕಾಲಕ್ಕೆ ಮೈಸೂರಿನ ಹೊರಗಿದ್ದ ಒಂಟಿಕೊಪ್ಪಲು ಈಗ ನಗರದ ಒಳಗೇ ಸೇರಿಹೋದ ಬಡಾವಣೆ. ಕಾಗದಪತ್ರಗಳಲ್ಲಿ ಇದು ವಾಣಿವಿಲಾಸ ಮೊಹಲ್ಲಾ. 1895ರಿಂದ 1902ರವರೆಗೆ ಮೈಸೂರನ್ನಾಳಿದ ರಾಜಪ್ರತಿನಿಧಿ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ನೆನಪಿನ ಹೆಸರು. ಆದರೆ ಬಡಾವಣೆಯ ಹಳೆಯ ಹೆಸರನ್ನು ಮೈಸೂರು ಸೀಮೆಯ ಮನೆಮನೆಗೆ ಮುಟ್ಟಿಸಿದ್ದು ಒಂಟಿಕೊಪ್ಪಲ್ ಪಂಚಾಂಗ. ಯುಗಾದಿಗೆ ಬೇವು–ಬೆಲ್ಲದಷ್ಟೇ ಖಾತ್ರಿಯಾಗಿ ಅದು ಮನೆಗೆ ಬರುತ್ತದೆ. ಬಾಗಿಲ ಹಿಂದಿನ ಮೊಳೆಗೆ ದಾರ ಕಟ್ಟಿ ತೂಗುಹಾಕಿದ ಆ ಪುಸ್ತಕ ಮದುವೆಯ ಮುಹೂರ್ತಕ್ಕೆಷ್ಟೋ ಮಳೆಯ ಲೆಕ್ಕಕ್ಕೂ ಅಷ್ಟೇ ಬಳಕೆಯಾಗುತ್ತದೆ.

ಮಳೆನಕ್ಷತ್ರದ ಲೆಕ್ಕ ಸರಳ. ಆಕಾಶದಲ್ಲಿ ಸೂರ್ಯನ ದಾರಿಯನ್ನು 27 ನಕ್ಷತ್ರಗಳಾಗಿ ಪಾಲು ಮಾಡಿದೆ. ಸೂರ್ಯ ಒಂದೊಂದರಲ್ಲೂ ಸುಮಾರು ಹದಿಮೂರೂವರೆ ದಿನ ಇರುತ್ತಾನೆ. ಏಪ್ರಿಲ್ 14ರ ಸುಮಾರಿಗೆ ಅಶ್ವಿನಿ, ಕೊನೆಯ ವಾರದಲ್ಲಿ ಭರಣಿ, ಮೇ 11ರ ಹೊತ್ತಿಗೆ ಕೃತ್ತಿಕೆ, 24–25ಕ್ಕೆ ರೋಹಿಣಿ, ಜೂನ್ 7–8ಕ್ಕೆ ಮೃಗಶಿರ, 21–22ಕ್ಕೆ ಆರಿದ್ರೆ. ಸೂರ್ಯ ಇರುವ ನಕ್ಷತ್ರದ ಹೆಸರೇ ಆ ದಿನಗಳ ಮಳೆಯ ಹೆಸರು. ಎಳ್ಳು, ಅಲಸಂದೆ, ಹೆಸರು ಬಿತ್ತುವವರಿಗೆ ಅಶ್ವಿನಿ, ಭರಣಿ ಬೇಕು. ರಾಗಿಯವರು ಆರಿದ್ರೆಯಿಂದಾಚೆಯ ಮಳೆಗಳನ್ನು ಕಾಯುತ್ತಾರೆ. ‘ಆದರೆ ಆರಿದ್ರೆ, ಇಲ್ಲದಿದ್ದರೆ ದರಿದ್ರೆ’ ಎಂಬ ಗಾದೆ ಹುಟ್ಟಿದ್ದು ಹೊಲದ ಬದುವಿನಲ್ಲಿ, ಜ್ಯೋತಿಷಿಯ ಚಾವಡಿಯಲ್ಲಲ್ಲ. ಬೇಸಗೆಯ ಬಾಗಿಲು ಮುಚ್ಚುವುದು ರೋಹಿಣಿ–ಮೃಗಶಿರಗಳ ನಡುವೆ ಎಂಬುದು ಹಳೆಯ ತಲೆಗಳ ಅಂದಾಜು.

ಇಲ್ಲಿ ಎರಡು ಬೇರೆ ಸಂಗತಿಗಳನ್ನು ಒಂದೇ ಎಂದು ತಿಳಿಯುವ ತಪ್ಪು ನಡೆಯುತ್ತದೆ. ಸೂರ್ಯ ರೋಹಿಣಿಗೆ ಯಾವ ದಿನ, ಎಷ್ಟು ಗಂಟೆಗೆ ಬರುತ್ತಾನೆಂಬುದು ಖಗೋಳದ ಗಣಿತ. ಆ ಹದಿಮೂರು ದಿನಗಳಲ್ಲಿ ಮಳೆ ಹೇಗಿರುತ್ತದೆಂಬುದು ತಲೆಮಾರುಗಳ ರೈತರ ಅನುಭವದ ಸರಾಸರಿ. ಗಣಿತ ತಪ್ಪುವುದಿಲ್ಲ. ಅನುಭವ ಒಂದು ವರ್ಷಕ್ಕೆ ಒಪ್ಪಿ ಇನ್ನೊಂದಕ್ಕೆ ತಪ್ಪಬಹುದು. ಇವೆರಡರ ಜೊತೆಗೆ ಪಂಚಾಂಗಗಳು ಕೊಡುವ ಮೇಘಾಧಿಪತಿ, ಸಸ್ಯಾಧಿಪತಿಗಳ ಫಲ ಮೂರನೆಯ ಬಾಬತ್ತು. ಅದನ್ನು ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು.

ಗಣಿತದೊಳಗೂ ಒಂದು ಮೆಲ್ಲನೆಯ ಜಾರು ಇದೆ. ನಮ್ಮ ಪಂಚಾಂಗಗಳು ನಕ್ಷತ್ರಗಳನ್ನು ಆಧರಿಸಿದ ನಿರಯನ ವರ್ಷವನ್ನು ಅನುಸರಿಸುತ್ತವೆ. ಋತುಗಳು ನಡೆಯುವುದು ಸಾಯನ ವರ್ಷದಂತೆ. ಭೂಮಿಯ ಅಕ್ಷ ಬುಗುರಿಯ ಹಾಗೆ ನಿಧಾನವಾಗಿ ಓಲಾಡುವುದರಿಂದ ಇವೆರಡಕ್ಕೂ ವರ್ಷಕ್ಕೆ ಸುಮಾರು 20 ನಿಮಿಷದ ವ್ಯತ್ಯಾಸ ಬೀಳುತ್ತದೆ. ಎಪ್ಪತ್ತು ವರ್ಷಕ್ಕೆ ಒಂದು ದಿನ. ವೇದಾಂಗ ಜ್ಯೋತಿಷದ ಕಾಲಕ್ಕೆ ಸೂರ್ಯ ದಕ್ಷಿಣಕ್ಕೆ ತಿರುಗುತ್ತಿದ್ದುದು ಆಶ್ಲೇಷದ ನಡುವಿನಲ್ಲಿ. ಆರನೆಯ ಶತಮಾನದ ವರಾಹಮಿಹಿರ ತನ್ನ ‘ಬೃಹತ್ಸಂಹಿತೆ’ಯಲ್ಲಿ, ಹಿಂದಿನ ಶಾಸ್ತ್ರ ಹಾಗೆ ಹೇಳಿದ್ದರೂ ತನ್ನ ಕಾಲಕ್ಕೆ ಅದು ಕರ್ಕಾಟಕದ ಆರಂಭಕ್ಕೆ ಸರಿದಿದೆ ಎಂದು ಗುರುತಿಸಿದ್ದಾನೆ. ಇಂದು ಅದು ಆರಿದ್ರೆಯ ಹೊಸ್ತಿಲಿನಲ್ಲಿದೆ. ವರಾಹಮಿಹಿರನ ಕಾಲದ ರೋಹಿಣಿ ಪ್ರವೇಶ ಇಂದಿನ ಕ್ಯಾಲೆಂಡರಿಗೆ ಹೊಂದಿಸಿದರೆ ಮೇ ತಿಂಗಳ ಮೊದಲ ವಾರಕ್ಕೆ ಬರುತ್ತದೆ. ಆಗಿನ ರೋಹಿಣಿ ನಡುಬೇಸಗೆಯದು. ಈಗಿನದು ಮುಂಗಾರಿನ ನೆರೆಯದು. ಹೆಸರು ಮಾತ್ರ ಒಂದೇ.

ತಿಂಗಳುಗಳನ್ನು ಋತುಗಳಿಗೆ ಕಟ್ಟಿಹಾಕಬೇಕೆಂದು 1952ರಲ್ಲಿ ವಿಜ್ಞಾನಿ ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ ಪಂಚಾಂಗ ಸುಧಾರಣಾ ಸಮಿತಿ ರಚನೆಯಾಯಿತು. ಅದರ ಫಲವಾಗಿ 1957ರ ಮಾರ್ಚ್ 22ರಿಂದ ರಾಷ್ಟ್ರೀಯ ಪಂಚಾಂಗ ಜಾರಿಗೆ ಬಂತು. ಆಕಾಶವಾಣಿ ಆ ದಿನಾಂಕವನ್ನು ಓದಿತು. ಜನ ತಮ್ಮ ಮೊಳೆಯ ಪಂಚಾಂಗವನ್ನು ತೆಗೆಯಲಿಲ್ಲ.

ಸರ್ಕಾರದ ಲೆಕ್ಕದಲ್ಲಿ ಬೇಸಗೆ ಮುಗಿಸುವ ಅಧಿಕಾರ ಭಾರತೀಯ ಹವಾಮಾನ ಇಲಾಖೆಯದು. ಮೇ 10ರ ನಂತರ, ಗೊತ್ತುಮಾಡಿದ 14 ಮಳೆಮಾಪನ ಕೇಂದ್ರಗಳ ಪೈಕಿ ಶೇಕಡ 60ರಷ್ಟರಲ್ಲಿ ಸತತ ಎರಡು ದಿನ 2.5 ಮಿಲಿಮೀಟರ್ ಅಥವಾ ಹೆಚ್ಚು ಮಳೆಯಾಗಬೇಕು. ಪಡುವಣ ಗಾಳಿ ಸಾಕಷ್ಟು ಎತ್ತರದವರೆಗೆ ಬೀಸುತ್ತಿರಬೇಕು. ಉಪಗ್ರಹಕ್ಕೆ ಮೋಡ ದಟ್ಟವಾಗಿ ಕಾಣಬೇಕು. ಆಗ ಕೇರಳಕ್ಕೆ ಮುಂಗಾರು ಬಂತೆಂದು ಸಾರುತ್ತಾರೆ. ಆ ಹದಿನಾಲ್ಕರಲ್ಲಿ ಮಂಗಳೂರೂ ಇದೆ, ಕಾಸರಗೋಡಿನ ಕೂಡ್ಲೂ ಇದೆ ಎಂಬುದು ಕನ್ನಡಿಗರಿಗೆ ಸಮಾಧಾನದ ವಿಷಯ.

ಈ ಲೆಕ್ಕ ತಪ್ಪಿದರೆ ಬೆಲೆ ತೆರುವವನು ಬಿತ್ತನೆ ಮಾಡಿದವನು. ರೋಹಿಣಿಯ ಒಂದು ಹದ ಮಳೆಗೆ ನಂಬಿ ಬೀಜ ಚೆಲ್ಲಿ, ಆಮೇಲೆ ಮೂರು ವಾರ ಮಳೆ ಮುಖ ತೋರಿಸದಿದ್ದರೆ ಬೀಜವೂ ಹೋಯಿತು, ಗೊಬ್ಬರದ ಸಾಲವೂ ಉಳಿಯಿತು. 2023ರಲ್ಲಿ ಮುಂಗಾರು ಕೇರಳ ಮುಟ್ಟಿದ್ದು ಜೂನ್ 8ಕ್ಕೆ. ಆ ವರ್ಷದ ಆಗಸ್ಟ್ ದೇಶದಲ್ಲಿ 1901ರಿಂದೀಚೆಗೆ ಅತ್ಯಂತ ಒಣ ಆಗಸ್ಟ್ ಆಯಿತು. ಕೃಷ್ಣರಾಜಸಾಗರ ತುಂಬಲಿಲ್ಲ. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಬೇಕಾಯಿತು. ಮುಂದಿನ ಬೇಸಗೆಯಲ್ಲಿ ಬೆಂಗಳೂರು ಟ್ಯಾಂಕರಿನ ಹಿಂದೆ ಓಡಿತು. ಅದಕ್ಕೆ ನೇರ ವಿರುದ್ಧ 2025. ಮುಂಗಾರು ಮೇ 24ಕ್ಕೇ ಕೇರಳ ತಲಪಿತು. 2009ರ ನಂತರ ಅಷ್ಟು ಬೇಗ ಬಂದದ್ದು ಅದೇ ಮೊದಲು. ಪಂಚಾಂಗದಲ್ಲಿ ರೋಹಿಣಿ ಹುಟ್ಟುವ ಹೊತ್ತಿಗೇ ಹವಾಮಾನ ಇಲಾಖೆಯೂ ಬೇಸಗೆಗೆ ಮಂಗಳ ಹಾಡಿತ್ತು. ಜೂನ್ ಮುಗಿಯುವುದರೊಳಗೆ ಕೃಷ್ಣರಾಜಸಾಗರ ತುಂಬಿ ಬಾಗಿನ ಕೊಟ್ಟದ್ದೂ ಆಯಿತು. ಮಾವಿನ ಗಾಡಿಯವರು ಮಾತ್ರ ಆ ವರ್ಷ ಲೆಕ್ಕ ತಪ್ಪಿದರು. ಹಣ್ಣು ಗಾಡಿ ತುಂಬ ಇದ್ದಾಗಲೇ ಗಿರಾಕಿಗಳು ಚುಕ್ಕೆ ಹುಡುಕಲು ಶುರುಮಾಡಿದ್ದರು.

ಬಡಗಣ ದೇಶದ ಬೇಸಗೆ ಮುಗಿದದ್ದು ಒಂಟಿಕೊಪ್ಪಲಿಗೂ ತಿಳಿಯುತ್ತದೆ, ನೋಡುವ ಕಣ್ಣಿದ್ದರೆ. ಸೆಪ್ಟೆಂಬರ್ ಹೊತ್ತಿಗೆ ಕುಕ್ಕರಹಳ್ಳಿ ಕೆರೆಯ ಅಂಚಿನಲ್ಲಿ, ಮನೆಗಳ ತಾರಸಿಯ ಮೇಲೆ ಬಾಲ ಕುಣಿಸುತ್ತ ಓಡಾಡುವ ಬೂದು ಸಿಪಿಲೆ ಹಕ್ಕಿ ಕಾಣಿಸಿಕೊಳ್ಳುತ್ತದೆ. ಹಳ್ಳಿಗರು ಕುಂಡೆಕುಸ್ಕ ಎನ್ನುವುದು ಇದರ ಬಳಗವನ್ನೇ. ಆಮೇಲೆ ಸ್ವಾಲೋಗಳು ಬಂದು ಇಲ್ಲಿಯ ತಂತಿಗಳ ಮೇಲೆ ಸಾಲಾಗಿ ಕೂರುತ್ತವೆ. ಯುರೋಪಿನವು ಆಫ್ರಿಕಕ್ಕೆ ಹೋದರೆ ಏಷ್ಯದ ಬಡಗಲವು ನಮ್ಮ ಕಡೆಗೆ. ಅಲ್ಲಿ ತಂತಿ ಖಾಲಿಯಾದದ್ದಕ್ಕೂ ಇಲ್ಲಿ ತಂತಿ ತುಂಬಿದ್ದಕ್ಕೂ ಕಾರಣ ಒಂದೇ. ಚಳಿ ಇನ್ನಷ್ಟು ಬಲಿತಾಗ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬಂದಿಳಿಯುತ್ತವೆ. ಮಂಗೋಲಿಯಾದಲ್ಲಿ ಕುತ್ತಿಗೆಗೆ ಗುರುತಿನ ಪಟ್ಟಿ ತೊಡಿಸಿದ ಹೆಬ್ಬಾತುಗಳು ಮೈಸೂರು ಸೀಮೆಯ ಕೆರೆಗಳಲ್ಲಿ ಕಂಡದ್ದುಂಟು.

ಹಗಲೆಲ್ಲ ನೀರಿನಲ್ಲಿದ್ದು ಸಂಜೆಗೆ ಸುತ್ತಲ ಹೊಲಗದ್ದೆಗಳಲ್ಲಿ ಮೇಯುವ ಈ ಹಕ್ಕಿಗಳು ಮಾರ್ಚ್ ಹೊತ್ತಿಗೆ ಹೊರಟುಹೋಗುತ್ತವೆ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿಹೋಯಿತೆಂದು ನಮ್ಮವರು ಹೇಳುವ ಕಾಲವೂ ಅದೇ. ಅಷ್ಟರಲ್ಲಿ ಒಂಟಿಕೊಪ್ಪಲಿನ ಹೊಂಗೆ ಮರಗಳು ಮಳೆಗೆ ಕಾಯದೆ ಚಿಗುರತೊಡಗಿರುತ್ತವೆ, ಅಂಗಡಿಗಳಲ್ಲಿ ಹೊಸ ಪಂಚಾಂಗಕ್ಕೆ ವಿಚಾರಣೆ ಶುರುವಾಗಿರುತ್ತದೆ.